ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕವನ್ನು ಚಟುವಟಿಕೆಗಳ ಮೂಲಕ ಕಲಿಸುವುದು ಹೇಗೆ?

ಪ್ರಶ್ನೆ (ಪದವಿ ಕಾಲೇಜಿನ ಇತಿಹಾಸ ಉಪನ್ಯಾಸಕಿ):

ಎಲ್ಲರಿಗೂ ನಮಸ್ಕಾರ. ಬಿ.ಎ. ವಿದ್ಯಾರ್ಥಿಗಳಿಗೆ ನಾನು ಅಮೆರಿಕದ ಇತಿಹಾಸವನ್ನು ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುತ್ತೇನೆ. ತರಗತಿಯಲ್ಲಿ ಐವತ್ತೆಂಟು ಮಂದಿ ಇದ್ದಾರೆ, ಪ್ರೊಜೆಕ್ಟರ್ ಇಲ್ಲ. ನೋಟ್ಸ್ ಬರೆಸಿ ಮುಗಿಸುವ ಪದ್ಧತಿ ಬೇಸರ ತಂದಿದ್ದರಿಂದ ಈ ಸೆಮಿಸ್ಟರಿನಲ್ಲಿ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ನಡೆಯುತ್ತಿದ್ದ ವಲಸೆ ತಪಾಸಣೆಯನ್ನು ಅಭಿನಯದ ರೂಪದಲ್ಲಿ ಮಾಡಿಸಿದೆ. ಕೆಲವರು ಅಧಿಕಾರಿಗಳಾದರು, ಉಳಿದವರು ಹಡಗಿನಿಂದ ಇಳಿದ ವಲಸಿಗರಾದರು. ಅಲ್ಲಿನ ವೈದ್ಯರು ಮಾಡುತ್ತಿದ್ದಂತೆ, ಕಣ್ಣಿನ ತೊಂದರೆಗೆ ಒಂದು ಅಕ್ಷರ, ಹೃದಯಕ್ಕೆ ಇನ್ನೊಂದು ಅಕ್ಷರ ಎಂದು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕಿಸಿದೆ. ಅಧಿಕಾರಿಗಳಾದ ಹುಡುಗರು ಗದರಿಸುವುದರಲ್ಲೇ ಖುಷಿಪಟ್ಟರು, ಗುರುತು ಹಾಕಿಸಿಕೊಂಡವರು ನಕ್ಕರು, ಪೀರಿಯಡ್ ಮುಗಿಯಿತು.

ಏನು ತಿಳಿಯಿತೆಂದು ಕೇಳಿದಾಗ ಬಂದ ಉತ್ತರ, "ಅಧಿಕಾರಿಗಳು ಕ್ರೂರಿಗಳು, ಬಹಳ ಜನರನ್ನು ವಾಪಸ್ ಕಳಿಸಿದರು" ಎಂದು. ವಾಸ್ತವ ಬೇರೆಯೇ ಇದೆ. 1907ರ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ದ್ವೀಪದ ಮೂಲಕ ಒಳಬಂದರು. ಹೆಚ್ಚಿನವರ ತಪಾಸಣೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿತ್ತು. ಹಿಂದಿರುಗಿಸಲ್ಪಟ್ಟವರು ಒಟ್ಟಾರೆ ನೂರಕ್ಕೆ ಇಬ್ಬರಷ್ಟು ಮಾತ್ರ. ಮೊದಲ ಮತ್ತು ಎರಡನೇ ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲೇ ನೋಡಿ ಕಳಿಸುತ್ತಿದ್ದರು, ಸಾಲಿನಲ್ಲಿ ನಿಲ್ಲಬೇಕಾದವರು ಕೆಳದರ್ಜೆಯ ಬಡವರು. ಇಷ್ಟು ಮುಖ್ಯವಾದ ಸಂಗತಿ ನನ್ನ ಚಟುವಟಿಕೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ನಾನು ತಪ್ಪಿದ್ದು ಎಲ್ಲಿ? ಕಾರ್ಮಿಕರ ಹೋರಾಟ, ಫೋರ್ಡ್ ಕಾರ್ಖಾನೆ, ವಲಸೆ ಕಾನೂನು ಇವನ್ನು ಹೇಗೆ ಮಾಡಿಸಬಹುದು?

ಉತ್ತರ 1 (ನ್ಯೂಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುವವರು):

ಮೇಡಂ, ಈ ತಪ್ಪನ್ನು ನಾನೂ ಮಾಡಿದ್ದೇನೆ. ಇನ್ನೊಬ್ಬರ ಸಂಕಟವನ್ನು ಅಭಿನಯಿಸಲು ಹೇಳಿದರೆ ಮಕ್ಕಳು ನಾಟಕ ಮಾಡುತ್ತಾರೆ. ಅಂದಿನವರು ತೆಗೆದುಕೊಳ್ಳಬೇಕಾಗಿದ್ದ ತೀರ್ಮಾನವನ್ನು, ಅಂದು ಅವರ ಕೈಯಲ್ಲಿದ್ದಷ್ಟೇ ಮಾಹಿತಿಯೊಂದಿಗೆ ತೆಗೆದುಕೊಳ್ಳಲು ಹೇಳಿದರೆ ಮಕ್ಕಳು ಯೋಚಿಸಲು ತೊಡಗುತ್ತಾರೆ. ಹೀಗಾಗಿ ನಾನೀಗ ಬೆಂಕಿ, ಹಸಿವು, ಹಿಂಸೆ ಯಾವುದನ್ನೂ ಅಭಿನಯ ಮಾಡಿಸುವುದಿಲ್ಲ.

ಕಾರ್ಮಿಕರ ವಿಷಯಕ್ಕೆ ನಾನು ಆರಿಸಿಕೊಳ್ಳುವುದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ದುರಂತವನ್ನು. 1911ರ ಮಾರ್ಚ್ 25, ಶನಿವಾರ, ಕೆಲಸ ಬಿಡುವ ಹೊತ್ತಿಗೆ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿದ್ದ ಈ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸಿಗ ಕುಟುಂಬಗಳ ಹರೆಯದ ಹುಡುಗಿಯರು. ಇದನ್ನು ಮೂರು ಪೀರಿಯಡ್‌ಗಳಲ್ಲಿ ಮಾಡುತ್ತೇನೆ, ಮತ್ತು ಬೆಂಕಿಯಿಂದ ಆರಂಭಿಸುವುದಿಲ್ಲ.

ಮೊದಲ ದಿನ ಕಪ್ಪುಹಲಗೆಯ ಮೇಲೆ ಒಂಬತ್ತನೇ ಮಹಡಿಯ ನಕ್ಷೆ ಬರೆಯುತ್ತೇನೆ: ಎರಡು ಕಡೆ ಮೆಟ್ಟಿಲು, ಲಿಫ್ಟ್‌ಗಳು, ಹೊರಗೋಡೆಗೆ ಜೋಡಿಸಿದ ಒಂದು ಕಬ್ಬಿಣದ ಏಣಿ, ಉದ್ದುದ್ದದ ಮೇಜುಗಳ ಮೇಲೆ ಸಾಲಾಗಿ ಹೊಲಿಗೆ ಯಂತ್ರಗಳು. ಕಳ್ಳತನ ತಡೆಯಲು, ಎಲ್ಲರ ಚೀಲವನ್ನೂ ಒಂದೇ ಬಾಗಿಲಲ್ಲಿ ಪರೀಕ್ಷಿಸುವುದಕ್ಕಾಗಿ ಮಾಲೀಕರು ಇನ್ನೊಂದು ಬಾಗಿಲಿಗೆ ಬೀಗ ಹಾಕಿಸುತ್ತಿದ್ದರು ಎಂದು ತಿಳಿಸುತ್ತೇನೆ. ಆಮೇಲೆ ಅಂದಿನ ರಾಜ್ಯ ಕಾನೂನಿನ ಸಾರವನ್ನು ಕೊಡುತ್ತೇನೆ: ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲುಗಳು "ಸಾಧ್ಯವಿರುವ ಕಡೆ" ಹೊರಕ್ಕೆ ತೆರೆಯುವಂತಿರಬೇಕು. ವಿದ್ಯಾರ್ಥಿಗಳು ಬೆಂಕಿಯ ಹಿಂದಿನ ದಿನ ಬಂದ ತನಿಖಾಧಿಕಾರಿಗಳಾಗಿ ವರದಿ ಬರೆಯಬೇಕು. "ಸಾಧ್ಯವಿರುವ ಕಡೆ" ಎಂಬ ಎರಡು ಪದಗಳು ಮಾಲೀಕರಿಗೆ ಎಷ್ಟು ಅವಕಾಶ ಬಿಟ್ಟುಕೊಡುತ್ತವೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ, ನಾನು ಹೇಳಬೇಕಾಗಿಲ್ಲ.

ಎರಡನೆಯ ದಿನ ನಡೆದದ್ದನ್ನು ಶಾಂತವಾಗಿ ಓದಿ ಹೇಳುತ್ತೇನೆ. ಅಗ್ನಿಶಾಮಕ ದಳದ ಏಣಿಗಳು ಆರನೇ ಮಹಡಿಯವರೆಗೆ ಮಾತ್ರ ಮುಟ್ಟಿದವು ಎಂಬ ವಾಕ್ಯ ಬಂದಾಗ ತರಗತಿ ತಾನಾಗಿ ಮೌನವಾಗುತ್ತದೆ. ಆಗ ಒಂದೆರಡು ನಿಮಿಷ ಸುಮ್ಮನಿರಬೇಕು.

ಮೂರನೆಯ ದಿನ ಎಲ್ಲರೂ ನ್ಯಾಯದರ್ಶಿಗಳು (ಜ್ಯೂರಿ, ಎಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರು). ಮಾಲೀಕರಾದ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ವಿಚಾರಣೆ 1911ರ ಡಿಸೆಂಬರಿನಲ್ಲಿ ನಡೆಯಿತು. ಬದುಕುಳಿದ ಕೇಟ್ ಆಲ್ಟರ್‌ಮನ್ ಸಾಕ್ಷ್ಯ ಹೇಳಿದಾಗ, ಮಾಲೀಕರ ವಕೀಲ ಮ್ಯಾಕ್ಸ್ ಸ್ಟೂಯರ್ ಅದನ್ನೇ ಮತ್ತೆ ಮತ್ತೆ ಹೇಳಿಸಿದನು. ಆಕೆ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಹೇಳಿದ್ದರಿಂದ, ಇದು ಬಾಯಿಪಾಠ ಮಾಡಿಸಿದ ಸಾಕ್ಷ್ಯ ಎಂಬ ಅನುಮಾನವನ್ನು ಬಿತ್ತಿದನು. ಅರ್ಧ ತರಗತಿ ವಕೀಲನ ಮಾತನ್ನು ನಂಬುತ್ತದೆ. ಉಳಿದರ್ಧ, ತನ್ನದಲ್ಲದ ಭಾಷೆಯಲ್ಲಿ ನ್ಯಾಯಾಲಯದೆದುರು ಮಾತಾಡಬೇಕಾದ ವಲಸಿಗ ಹುಡುಗಿ ಪ್ರತಿ ಪದವನ್ನೂ ಮೊದಲೇ ಅಭ್ಯಾಸ ಮಾಡಿಕೊಂಡಿರುವುದು ಸಹಜವಲ್ಲವೇ ಎಂದು ವಾದಿಸುತ್ತದೆ. ನಂತರ ನ್ಯಾಯಾಧೀಶರ ಸೂಚನೆ: ಬೀಗ ಹಾಕಿತ್ತು ಎಂಬುದಷ್ಟೇ ಸಾಲದು, ಆ ಹೊತ್ತಿನಲ್ಲಿ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತು ಎಂಬುದೂ ಸಾಬೀತಾಗಬೇಕು. ಇದನ್ನು ಓದಿದ ಮೇಲೆ ಮತ ಹಾಕಿಸಿ, ನಿಜವಾದ ತೀರ್ಪನ್ನು ಆಮೇಲೆ ಹೇಳಿ. ಅವರು ಖುಲಾಸೆಯಾದರು, ನ್ಯಾಯದರ್ಶಿಗಳಿಗೆ ಎರಡು ಗಂಟೆಯೂ ಬೇಕಾಗಲಿಲ್ಲ.

ಪಾಠ ಅಲ್ಲಿಗೇ ನಿಂತರೆ ಮಕ್ಕಳು ನಿರಾಶರಾಗುತ್ತಾರೆ. ಆ ದಿನ ಬೀದಿಯಲ್ಲಿ ನಿಂತು ಬೆಂಕಿಯನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ ರಾಜ್ಯದ ಕಾರ್ಖಾನೆ ತನಿಖಾ ಆಯೋಗಕ್ಕಾಗಿ ದುಡಿದದ್ದನ್ನು, 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾಗಿ ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆಯಾದದ್ದನ್ನು ಹೇಳಬೇಕು. ಹಾಗೆಯೇ, ಬೆಂಕಿಗೆ ಹದಿನಾರು ತಿಂಗಳ ಮೊದಲೇ, 1909ರ ನವೆಂಬರಿನಲ್ಲಿ, ಕ್ಲಾರಾ ಲೆಮ್ಲಿಕ್ ಎಂಬ ಯುವತಿ ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟು ಸುಮಾರು ಇಪ್ಪತ್ತು ಸಾವಿರ ಹೊಲಿಗೆ ಕಾರ್ಮಿಕರು ಬೀದಿಗಿಳಿದಿದ್ದರು ಎಂಬುದನ್ನೂ ಬಿಡಬೇಡಿ. ಇಲ್ಲವಾದರೆ ಆ ಹುಡುಗಿಯರು ಬರಿಯ ಬಲಿಪಶುಗಳಾಗಿ ನೆನಪಿನಲ್ಲಿ ಉಳಿಯುತ್ತಾರೆ.

ಉತ್ತರ 2 (ಧಾರವಾಡದ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ):

ಫೋರ್ಡ್ ಪಾಠಕ್ಕೆ ಹಳೆಯ ವೃತ್ತಪತ್ರಿಕೆ ಮತ್ತು ಅಂಟು ಸಾಕು. ಕೈಗಾರಿಕಾ ಕ್ರಾಂತಿಯ ಪಾಠಕ್ಕೆ ನಾನು ಮಾಡಿಸುತ್ತಿದ್ದ ಕೆಲಸವಿದು. ಮೊದಲು ಒಬ್ಬೊಬ್ಬರೂ ಒಂದೊಂದು ಲಕೋಟೆಯನ್ನು ಪೂರ್ತಿಯಾಗಿ ತಾವೇ ಮಾಡಲಿ. ಆಮೇಲೆ ಬೆಂಚಿನ ಸಾಲಿನಲ್ಲಿ ಒಬ್ಬನು ಅಳೆಯಲಿ, ಮುಂದಿನವನು ಕತ್ತರಿಸಲಿ, ಇನ್ನೊಬ್ಬನು ಮಡಿಸಲಿ, ಮತ್ತೊಬ್ಬನು ಅಂಟಿಸಲಿ. ಎರಡೂ ಸಲ ಗಡಿಯಾರ ನೋಡಿ ಲೆಕ್ಕ ಬರೆಯಿರಿ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಮಾಡೆಲ್ ಟಿ ಕಾರಿನ ಚಾಸಿ (ಕೆಳಚೌಕಟ್ಟು) ಜೋಡಣೆ 93 ನಿಮಿಷಕ್ಕೆ ಇಳಿದದ್ದು ಆಗ ತಾನಾಗಿ ಅರ್ಥವಾಗುತ್ತದೆ.

ಆದರೆ ಹತ್ತು ನಿಮಿಷಕ್ಕೆ ನಿಲ್ಲಿಸಬೇಡಿ. ಇಪ್ಪತ್ತೈದು ನಿಮಿಷ ಮುಂದುವರಿಸಿ, ನಡುವೆ ವೇಗ ಹೆಚ್ಚಿಸಲು ಹೇಳಿ. ಮಡಿಸುವವನಿಗೆ ಬೇಸರ ಬರುತ್ತದೆ, ಒಬ್ಬನು ಎದ್ದು ಹೋಗುತ್ತೇನೆ ಎನ್ನುತ್ತಾನೆ. ಕಲಿಯಬೇಕಾದದ್ದು ಇರುವುದು ಆ ಬೇಸರದಲ್ಲಿ. ಆ ವರ್ಷ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ 370 ಇತ್ತು, ಎಂದರೆ ಒಂದು ಜಾಗ ತುಂಬಿರಲು ವರ್ಷದಲ್ಲಿ ಮೂರು ನಾಲ್ಕು ಬಾರಿ ಹೊಸಬರನ್ನು ತರಬೇಕಾಗಿತ್ತು. 1914ರ ಜನವರಿಯಲ್ಲಿ ಘೋಷಿಸಿದ ದಿನಕ್ಕೆ ಐದು ಡಾಲರ್ ಸಂಬಳವನ್ನು ಈ ಹಿನ್ನೆಲೆಯಲ್ಲಿಟ್ಟು, "ಇದು ಔದಾರ್ಯವೇ, ಲೆಕ್ಕಾಚಾರವೇ?" ಎಂದು ಚರ್ಚೆಗೆ ಬಿಡಿ. ಆ ಐದು ಡಾಲರಿನಲ್ಲಿ ಅರ್ಧದಷ್ಟು ಲಾಭಾಂಶವಾಗಿತ್ತು. ಅದು ಸಿಗಬೇಕಾದರೆ ಕಂಪನಿಯವರು ಮನೆಗೆ ಬಂದು ಸ್ವಚ್ಛತೆ, ಕುಡಿತ, ಉಳಿತಾಯ ಎಲ್ಲವನ್ನೂ ವಿಚಾರಿಸಿ ಒಪ್ಪಬೇಕಾಗಿತ್ತು ಎಂಬುದನ್ನು ಚರ್ಚೆಯ ನಡುವೆ ಹೇಳಿದರೆ ವಾದದ ದಿಕ್ಕೇ ಬದಲಾಗುತ್ತದೆ.

ಉತ್ತರ 3 (ಕ್ಯಾಲಿಫೋರ್ನಿಯಾದಲ್ಲಿರುವ ಇತಿಹಾಸ ಸಂಶೋಧನಾ ವಿದ್ಯಾರ್ಥಿ):

ವಲಸೆ ಕಾನೂನಿಗೆ ಭಗತ್ ಸಿಂಗ್ ಥಿಂಡ್ ಪ್ರಕರಣವನ್ನು ತೆಗೆದುಕೊಳ್ಳಿ ಮೇಡಂ. (ಇವರು ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ ಎಂದು ಮೊದಲೇ ಹೇಳುವುದು ಒಳ್ಳೆಯದು.) ಪಂಜಾಬಿನಿಂದ 1913ರಲ್ಲಿ ಹೋದ ಇವರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಅಂದಿನ ಕಾನೂನಿನಂತೆ ವಲಸಿಗರಲ್ಲಿ "ಬಿಳಿಯರು" ಮತ್ತು ಆಫ್ರಿಕನ್ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು.

ಮೊದಲು ತರಗತಿಗೆ, ಪೌರತ್ವ ಕೋರಿದ್ದ ಟಕಾವೊ ಒಜಾವಾ ಎಂಬ ಜಪಾನಿನವರ ಪ್ರಕರಣದ ತೀರ್ಪನ್ನು ಕೊಡಿ. 1922ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಮೈಬಣ್ಣ ಮುಖ್ಯವಲ್ಲ, ಬಿಳಿಯ ಎಂದರೆ ಕಕೇಶಿಯನ್ (ಅಂದಿನ ಮಾನವಶಾಸ್ತ್ರಜ್ಞರ ಒಂದು ವರ್ಗೀಕರಣ) ಜನಾಂಗದವನು ಎಂದು ಹೇಳಿ ಅವರ ಅರ್ಜಿಯನ್ನು ತಳ್ಳಿಹಾಕಿತು. ಈಗ ಥಿಂಡ್ ಅವರ ವಾದವನ್ನು ಕೊಡಿ: ಮಾನವಶಾಸ್ತ್ರಜ್ಞರು ಉತ್ತರ ಭಾರತೀಯರನ್ನು ಕಕೇಶಿಯನ್ನರೆಂದೇ ಹೇಳುತ್ತಾರೆ. ತೀರ್ಪು ಏನಿರಬಹುದೆಂದು ಎಲ್ಲರೂ ಕಾರಣಸಹಿತ ಬರೆಯಲಿ. ಹೆಚ್ಚಿನವರು ಥಿಂಡ್ ಗೆದ್ದರೆಂದೇ ಬರೆಯುತ್ತಾರೆ. 1923ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಅದೇ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಅವರ ಬರವಣಿಗೆಯಲ್ಲೇ, ಶಾಸ್ತ್ರಜ್ಞರ ಮಾತು ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಂತೆ ಇವರು ಬಿಳಿಯರಲ್ಲ ಎಂದಿತು. ಮೂರೇ ತಿಂಗಳಲ್ಲಿ ಅಳತೆಗೋಲು ಬದಲಾದದ್ದನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ.

ಒಂದು ಕಷ್ಟದ ಮಾತೂ ಇದೆ. ಥಿಂಡ್ ಪರ ವಾದದಲ್ಲಿ, ತಾವು ಮೇಲ್ಜಾತಿಯವರು, ಬೇರೆ ಜಾತಿಯೊಡನೆ ವಿವಾಹವನ್ನು ನಿಷೇಧಿಸಿ ರಕ್ತದ ಶುದ್ಧಿಯನ್ನು ಕಾಪಾಡಿಕೊಂಡು ಬಂದವರು ಎಂಬ ಅಂಶವೂ ಇತ್ತು. ಅದನ್ನು ಮುಚ್ಚಿಟ್ಟು ಅವರನ್ನು ಬರಿಯ ನಾಯಕನನ್ನಾಗಿ ಮಾಡಬೇಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನನ್ನ ಅನೇಕ ವಿದ್ಯಾರ್ಥಿನಿಯರ ತಾಯಂದಿರು, ಅಕ್ಕಂದಿರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಆದ್ದರಿಂದ ಟ್ರಯಾಂಗಲ್ ಪಾಠವನ್ನು ಮೊದಲು ಮಾಡುತ್ತೇನೆ. ಜಾತಿಯ ವಿಷಯ ಎತ್ತಿದಾಗ ತರಗತಿ ಎರಡು ಪಾಲಾಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ 3:

ಕೈ ಎತ್ತಿಸಿ ಅಭಿಪ್ರಾಯ ಕೇಳಬೇಡಿ ಮೇಡಂ. ಆ ವಾದವನ್ನು ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿ ಹಂಚಿ, "ಇದನ್ನು ಓದಿದಾಗ ಅಂದಿನ ಅಮೆರಿಕದ ಕಪ್ಪು ಜನರಿಗೆ ಏನನ್ನಿಸಿರಬಹುದು? ಅಂದಿನ ಭಾರತದ ದಲಿತರಿಗೆ ಏನನ್ನಿಸಿರಬಹುದು?" ಎಂಬ ಎರಡು ಪ್ರಶ್ನೆಗಳಿಗೆ ಪ್ರತಿಯೊಬ್ಬರೂ ಹೆಸರು ಹಾಕದೆ ಉತ್ತರ ಬರೆಯುವಂತೆ ಹೇಳಿ. ಚೀಟಿಗಳನ್ನು ಸಂಗ್ರಹಿಸಿ ಮೊದಲು ನೀವೊಬ್ಬರೇ ಓದಿ, ಯಾರಿಗೂ ನೋವಾಗದಂತಹವುಗಳನ್ನು ಆರಿಸಿಕೊಂಡು ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿ, ಚರ್ಚೆಯನ್ನು ಅಲ್ಲಿಂದ ಆರಂಭಿಸಿ.