ಸಫಾರಿ ಪಾರ್ಕ್‌ಗೆ ಹೊಸ ಪ್ರಾಣಿಗಳು ಬಂದಿವೆ ಅಂತಾರೆ, ಆದರೆ ಕಾಣಿಸುವುದೇ ಇಲ್ಲ. ಯಾಕೆ?

ಹುಲ್ಲುಗಾವಲು_ಪ್ರಿಯೆ:
ನಾನು ಆಗಾಗ ಹೋಗುವ ಸಫಾರಿ ಪಾರ್ಕ್‌ನಲ್ಲಿ ಈಚೆಗೆ ಬಹಳ ಬದಲಾವಣೆ ಆಗಿದೆ. ಎರಡು ಹೆಣ್ಣು ಬಿಳಿ ಘೇಂಡಾಮೃಗ ಬಂದಿವೆ, ಎಳೆ ಜಿರಾಫೆಗಳು ಬಂದಿವೆ, ಚೀತಾಗಳಿಗೆ ಹೊಸ ಆವರಣ ಕಟ್ಟಿದ್ದಾರೆ. ಫೋಟೋ ಹಾಕಿ ವಾರಗಳೇ ಆದವು. ಹೋಗಿ ನೋಡಿದರೆ ಜಿರಾಫೆಗಳ ಮೈದಾನ ಖಾಲಿ, ಚೀತಾ ಆವರಣದಲ್ಲಿ ಬರೀ ಪೊದೆ. ಅದಕ್ಕಿಂತ ಬೇಜಾರಾಗಿದ್ದು ಏನೆಂದರೆ, ಅಲ್ಲಿ ವರ್ಷಗಳಿಂದ ಇದ್ದ ದೊಡ್ಡ ಗಂಡು ಘೇಂಡಾಮೃಗವನ್ನು ಬೇರೆ ಪಾರ್ಕ್‌ಗೆ ಕಳಿಸಿಬಿಟ್ಟಿದ್ದಾರೆ. ಹೊಸಬರು ಬಂದರೆ ಹಳಬ ಹೋಗಲೇಬೇಕಾ? ಬಂದವುಗಳನ್ನು ಇಷ್ಟು ದಿನ ಒಳಗೇ ಇಡುವುದು ಸರಿನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಕೀಪರ್_ಆಗಿದ್ದವ:
ಮೊದಲು ಒಳಗೇ ಇಡುವುದರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅಸಲಿ ಕೆಲಸವೆಲ್ಲ ನಡೆಯುವುದು ಅಲ್ಲೇ. ಬಂದ ಪ್ರಾಣಿ ಮೊದಲು ಕ್ವಾರಂಟೈನ್‌ಗೆ ಹೋಗುತ್ತದೆ. ಸಾಮಾನ್ಯವಾಗಿ ಸುಮಾರು 30 ದಿನ, ಬೇರೆ ದೇಶದಿಂದ ಬಂದಿದ್ದರೆ ಇನ್ನೂ ಜಾಸ್ತಿ ಆಗಬಹುದು. ಸಗಣಿ ಪರೀಕ್ಷೆ, ರಕ್ತ ಪರೀಕ್ಷೆ, ಗೊರಸಿನ ಪ್ರಾಣಿಗಳಾದರೆ ಕ್ಷಯ, ಬ್ರುಸೆಲ್ಲೋಸಿಸ್ ಥರದ ರೋಗಗಳಿಗೆ ತಪಾಸಣೆ. ಒಂದು ಹೊಸ ಜಿಂಕೆಯಿಂದ ಇಡೀ ಹಿಂಡಿಗೆ ರೋಗ ಹರಡಿದರೆ ಆಮೇಲೆ ಏನೂ ಮಾಡಲು ಆಗುವುದಿಲ್ಲ.

ಅದು ಮುಗಿದ ಮೇಲೂ ತಕ್ಷಣ ಹೊರಗೆ ಬಿಡುವುದಿಲ್ಲ. ರಾತ್ರಿ ಇರುವ ಮನೆ ಯಾವುದು, ಕರೆದಾಗ ಒಳಗೆ ಬರಬೇಕು, ಬಂದರೆ ಊಟ ಸಿಗುತ್ತದೆ, ಇಷ್ಟು ಅದರ ತಲೆಗೆ ಹೋಗಬೇಕು. ಇದನ್ನು ಕಲಿಸದೆ ದೊಡ್ಡ ಮೈದಾನಕ್ಕೆ ಬಿಟ್ಟ ಪ್ರಾಣಿ ಸಂಜೆ ಒಳಗೆ ಬರದೇ ಇದ್ದರೆ, ಕಾಯಿಲೆ ಬಿದ್ದಾಗ ಡಾಕ್ಟರ್ ಹತ್ತಿರ ಹೋಗುವುದೇ ಕಷ್ಟ. ಸಿಂಹ, ಹುಲಿ ಇದ್ದ ಕಡೆಯಂತೂ ಕೇಳುವುದೇ ಬೇಡ. ಆಮೇಲೆ ಬೇಲಿ. ಝೀಬ್ರಾ, ಜಿಂಕೆ, ಓರಿಕ್ಸ್‌ಗಳು ಹೆದರಿದರೆ ಎದುರಿಗೆ ಏನಿದೆ ಅಂತ ನೋಡದೆ ಓಡುತ್ತವೆ. ತಂತಿ ಬೇಲಿ ಅವುಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ಬೇಲಿಗೆ ಬಟ್ಟೆ, ಸೊಪ್ಪಿನ ಕೊಂಬೆ ಕಟ್ಟುತ್ತಾರೆ. ಗಾಡಿಗಳ ಸದ್ದಿಗೂ ನಿಧಾನವಾಗಿ ಒಗ್ಗಿಸಬೇಕು.

ಜಿರಾಫೆ ವಿಷಯ ಬೇರೆಯೇ. ಅವನ್ನು ಎಳೆಯದರಲ್ಲೇ ಸಾಗಿಸುವುದು ಸುಮ್ನೆ ಅಲ್ಲ. ಬೆಳೆದ ಗಂಡು ಜಿರಾಫೆ 5 ಮೀಟರ್ ದಾಟುತ್ತದೆ, ಲಾರಿ ಮೇಲೆ ನಿಲ್ಲಿಸಿದರೆ ಯಾವ ಸೇತುವೆ ಕೆಳಗೂ ತೂರುವುದಿಲ್ಲ. ಮಂಪರು ಮದ್ದು ಕೊಟ್ಟು ಮಲಗಿಸಿ ಕರೆದುಕೊಂಡು ಹೋಗಬಹುದಲ್ಲಾ ಅಂತ ಜನ ಕೇಳುತ್ತಾರೆ. ಮೆಲುಕು ಹಾಕುವ ಪ್ರಾಣಿಗೆ ಅದು ದೊಡ್ಡ ಅಪಾಯ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ಹೊರಡುವ ಮೊದಲೇ ವಾರಗಟ್ಟಲೆ ಬೋನಿನೊಳಗೆ ಮೇವು ಇಟ್ಟು, ತಾನಾಗಿ ಹೋಗಿ ನಿಲ್ಲುವ ಹಾಗೆ ರೂಢಿ ಮಾಡಿಸುತ್ತಾರೆ. ಅಷ್ಟೆಲ್ಲ ದಾಟಿ ಬಂದ ಎಳೆ ಪ್ರಾಣಿಗೆ ಇನ್ನೊಂದಿಷ್ಟು ದಿನ ನೆಮ್ಮದಿ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫೋಟೋ ಮಾತ್ರ ಅವರು ಸ್ವಲ್ಪ ತಡವಾಗಿ ಹಾಕಬಹುದಿತ್ತು, ಆ ದೂರು ನ್ಯಾಯವಾದದ್ದೇ.

ಮೂರನೇ_ಗೇಟ್:
ಗಂಡು ಘೇಂಡಾಮೃಗದ ಬಗ್ಗೆ ನಾನು ಹೇಳುತ್ತೇನೆ. ಅದು ಹೋಗಿದ್ದು ಹೊಸಬರಿಗೆ ಜಾಗ ಬೇಕು ಅಂತಲೇ ಇರಬೇಕಿಲ್ಲ. ವರ್ಷಗಳಿಂದ ಅಲ್ಲೇ ಇತ್ತು ಅಂದರೆ ಅಲ್ಲಿ ಬೆಳೆಯುತ್ತಿರುವ ಹೆಣ್ಣುಗಳಲ್ಲಿ ಅದರದ್ದೇ ಮಕ್ಕಳು ಇರಬಹುದು ಅಲ್ವಾ? ಅಪ್ಪ ಮಗಳು ಒಂದೇ ಕಡೆ ಉಳಿದರೆ ಮುಂದಿನ ಪೀಳಿಗೆ ಹಾಳು. ಯಾವ ಪ್ರಾಣಿ ಯಾರ ಮರಿ, ಎಲ್ಲಿ ಹುಟ್ಟಿತು ಅಂತ ವಂಶಾವಳಿ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ, ಅದನ್ನು ನೋಡಿಯೇ ಯಾರು ಎಲ್ಲಿಗೆ ಅಂತ ತೀರ್ಮಾನ ಆಗುತ್ತದೆ. ಯುರೋಪಿನ ಕಾಡುಕೋಣ ಬೈಸನ್ ಉಳಿದದ್ದೇ ಹೀಗೆ. ಕಾಡಿನಲ್ಲಿ ಕೊನೆಯದು ಸತ್ತಿದ್ದು 1927ರಲ್ಲಿ, ಇವತ್ತಿರುವುದೆಲ್ಲ ಝೂ ಮತ್ತು ಪಾರ್ಕ್‌ಗಳಲ್ಲಿದ್ದ ಬರೀ 12 ಪ್ರಾಣಿಗಳ ಸಂತತಿ. ಲೆಕ್ಕ ಇಡದೇ ಇದ್ದಿದ್ದರೆ ಅಷ್ಟು ಕಮ್ಮಿ ಪ್ರಾಣಿಗಳಿಂದ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಜಾಗ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಮಾಂಡ್ಲಾ. ಸ್ಯಾನ್ ಡಿಯಾಗೋ ಝೂನಲ್ಲಿದ್ದ ಗಂಡು ಬಿಳಿ ಘೇಂಡಾಮೃಗ. ಅಲ್ಲಿ ಒಂದು ಹೆಣ್ಣಿನ ಜೊತೆ ವರ್ಷಾನುಗಟ್ಟಲೆ ಇದ್ದರೂ ಒಂದು ಮರಿ ಆಗಲಿಲ್ಲ. 1971ರಲ್ಲಿ ಅದನ್ನು ಅದೇ ಸಂಸ್ಥೆಯ ವಿಶಾಲ ಪಾರ್ಕ್‌ಗೆ ಕಳಿಸಿದರು, ಅಲ್ಲಿಗೆ ದಕ್ಷಿಣ ಆಫ್ರಿಕಾದಿಂದ 20 ಘೇಂಡಾಮೃಗಗಳು ಬಂದಿದ್ದವು. ಆ ಹಿಂಡು ಸಿಕ್ಕ ಮೇಲೆ ಅದಕ್ಕೆ ಹತ್ತಾರು ಮರಿಗಳಾದವು. ಪ್ರಾಣಿ ಅದೇ, ಬದಲಾಗಿದ್ದು ಜಾಗ ಮತ್ತು ಜೊತೆ. ಬಿಳಿ ಘೇಂಡಾಮೃಗಕ್ಕೆ ಗುಂಪು ಬೇಕು. ಹಾಗಾಗಿ ನಿಮ್ಮ ಗಂಡು ಹೋಗಿರುವ ಕಡೆ ಎಷ್ಟು ಹೆಣ್ಣುಗಳಿವೆ, ಮೈದಾನ ಎಷ್ಟು ದೊಡ್ಡದು ಅಂತ ವಿಚಾರಿಸಿ. ಚೆನ್ನಾಗಿದ್ದರೆ ಅಳುವ ಬದಲು ಖುಷಿಪಡಿ.

ಸಂಜೆ_ಗಾಳಿ:
ಎಲ್ಲ ಸಾಗಾಟವನ್ನೂ ಒಳ್ಳೆಯದು ಅಂತ ಒಪ್ಪಿಕೊಳ್ಳಬೇಕಿಲ್ಲ. 2014ರಲ್ಲಿ ಕೋಪನ್‌ಹೇಗನ್ ಝೂನಲ್ಲಿ ಮಾರಿಯಸ್ ಅನ್ನುವ ಆರೋಗ್ಯವಾಗಿದ್ದ ಎಳೆ ಜಿರಾಫೆಯನ್ನು, ಅದರದ್ದೇ ವಂಶದ ಜಿರಾಫೆಗಳು ಈಗಾಗಲೇ ಜಾಸ್ತಿ ಇವೆ ಅನ್ನುವ ಕಾರಣಕ್ಕೆ, ಬೇರೆ ಕಡೆಯವರು ತೆಗೆದುಕೊಳ್ಳುತ್ತೇವೆ ಅಂದರೂ ಕೊಂದರು. ವಂಶಾವಳಿ ಲೆಕ್ಕಕ್ಕೆ ಈ ಮುಖವೂ ಇದೆ. ನನಗೆ ಅದು ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಮರಿ ಹುಟ್ಟಿಸುವ ಮೊದಲೇ ಅದಕ್ಕೆ ಜಾಗ ಎಲ್ಲಿ ಅಂತ ಯೋಚಿಸಬೇಕು.

ತಡವಾದ ಸಾಗಾಟವೂ ಇದೆ. ಬಿಳಿ ಘೇಂಡಾಮೃಗದಲ್ಲೇ ಉತ್ತರದ ಬಿಳಿ ಘೇಂಡಾಮೃಗ ಅನ್ನುವ ಬೇರೆ ಉಪಜಾತಿ ಇದೆ, ಅದರಲ್ಲಿ ನಾಲ್ಕನ್ನು 2009ರ ಡಿಸೆಂಬರ್‌ನಲ್ಲಿ ಝೆಕ್ ದೇಶದ ದ್ವುರ್ ಕ್ರಾಲೋವೆ ಪಾರ್ಕ್‌ನಿಂದ ಕೆನ್ಯಾದ ಓಲ್ ಪೆಜೆಟಾ ವನ್ಯಧಾಮಕ್ಕೆ ಕಳಿಸಿದರು, ಅಲ್ಲಿನ ಹವೆ, ಹುಲ್ಲು ಸಿಕ್ಕರೆ ಮರಿ ಹಾಕಬಹುದು ಅನ್ನುವ ಆಸೆಯಿಂದ. ಹಾಕಲಿಲ್ಲ. ಕೊನೆಯ ಗಂಡು ಸುಡಾನ್ 2018ರಲ್ಲಿ ಸತ್ತಿತು. ಈಗ ಉಳಿದಿರುವುದು ನಾಜಿನ್ ಮತ್ತು ಅದರ ಮಗಳು ಫಾತು, ಎರಡೂ ಹೆಣ್ಣೇ. ಅದಕ್ಕೇ ಹೇಳುತ್ತೇನೆ, ಬಂದವರ ಫೋಟೋ ಹಾಕುವ ಪಾರ್ಕ್‌ನವರು ಹೋದವರ ಬಗ್ಗೆಯೂ, ಸತ್ತವುಗಳ ಬಗ್ಗೆಯೂ ಅಷ್ಟೇ ಬಿಚ್ಚುಮನಸ್ಸಿನಿಂದ ಹೇಳಬೇಕು. ಕೇಳುವ ಹಕ್ಕು ನಮಗಿದೆ.

ಹುಲ್ಲುಗಾವಲು_ಪ್ರಿಯೆ:
ಎಲ್ಲರಿಗೂ ಥ್ಯಾಂಕ್ಸ್. ಗಂಡು ಹೋದ ಕಡೆ ಹೆಣ್ಣುಗಳ ಹಿಂಡು ಇದೆಯಂತೆ, ಅಲ್ಲಿನವರೇ ಬರೆದುಕೊಂಡಿದ್ದಾರೆ. ಮನಸ್ಸು ಸ್ವಲ್ಪ ಹಗುರಾಯಿತು. ಚೀತಾ ಆವರಣದ ಬಗ್ಗೆ ಮಾತ್ರ ಇನ್ನೂ ಗೊಂದಲ. ಅಷ್ಟು ಪೊದೆ ಯಾಕೆ? ನೋಡಲು ಬಂದವರಿಗೆ ಏನೂ ಕಾಣದಿದ್ದರೆ ಹೊಸದಾಗಿ ಕಟ್ಟಿ ಏನು ಪ್ರಯೋಜನ?

ಕೀಪರ್_ಆಗಿದ್ದವ:
ಆ ಪೊದೆಗಳೇ ಆ ಆವರಣದ ಒಳ್ಳೆಯ ಗುಣ. ಚೀತಾ ಬಹಳ ಪುಕ್ಕಲು ಪ್ರಾಣಿ. ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಬೇಲಿ ಉದ್ದಕ್ಕೂ ಹಿಂದೆ ಮುಂದೆ ನಡೆಯುತ್ತಲೇ ಇರುತ್ತದೆ. ನಮಗೆ ಚೆನ್ನಾಗಿ ಕಾಣಿಸುತ್ತದೆ ನಿಜ, ಅದಕ್ಕೆ ಮಾತ್ರ ಹಿಂಸೆ. ಇನ್ನೊಂದು, ಹೆಣ್ಣು ಚೀತಾ ಒಂಟಿಯಾಗಿರುವುದು. ಗಂಡುಗಳು, ಅದರಲ್ಲೂ ಅಣ್ಣ ತಮ್ಮಂದಿರು, ಜೀವನ ಪೂರ್ತಿ ಜೊತೆಗಿರುತ್ತವೆ. ಗಂಡು ಹೆಣ್ಣನ್ನು ಸದಾ ಒಟ್ಟಿಗೆ ಇಟ್ಟರೆ ಒಂದಕ್ಕೊಂದು ಆಸಕ್ತಿಯೇ ಕಳೆದುಕೊಳ್ಳುತ್ತವೆ. ಅದಕ್ಕೇ ಒಳ್ಳೆಯ ಆವರಣದಲ್ಲಿ ಬೇರೆ ಬೇರೆ ಭಾಗ ಇರುತ್ತದೆ, ನೀವು ಖಾಲಿ ಅಂದುಕೊಂಡ ಭಾಗ ಬಹುಶಃ ಇನ್ನೊಂದರ ಸರದಿಗೆ ಕಾದಿರಬಹುದು.

ನೋಡಲೇಬೇಕು ಅಂದರೆ ಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಗೇಟ್ ತೆರೆದ ಕೂಡಲೇ ಅಥವಾ ಸಂಜೆ ಮುಚ್ಚುವ ಮುಂಚೆ ಹೋಗಿ. ಪೊದೆಗಳಲ್ಲಿ ಹುಡುಕಬೇಡಿ, ಆವರಣದಲ್ಲಿ ಎತ್ತರದ ದಿಬ್ಬ ಎಲ್ಲಿದೆ ನೋಡಿ ಅದರ ಎದುರು ನಿಲ್ಲಿ. ದೂರದವರೆಗೆ ಕಣ್ಣು ಹಾಯಿಸಲು ಚೀತಾಗೆ ಎತ್ತರ ಇಷ್ಟ. ಜಿರಾಫೆಗಳನ್ನು ಯಾವಾಗ ಹೊರಗೆ ಬಿಡುತ್ತಾರೆ ಅಂತ ಕೀಪರ್‌ಗಳನ್ನೇ ಕೇಳಿ, ಅವರಿಗೆ ಹೇಳಲು ಖುಷಿಯೇ.