ವಿಜಯಪುರದಲ್ಲಿ ಒಬ್ಬರೇ ಇರುವ ಅವ್ವನ ಮಧುಮೇಹ: ಆರೈಕೆಗೆ ಬರುವವರಿಗೆ ಏನೇನು ಒಪ್ಪಿಸಬಹುದು?

ಪ್ರಶ್ನೆ: ಸೊಲ್ಲಾಪುರದಿಂದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಈಗ 76 ವರ್ಷ. ಅಪ್ಪ ತೀರಿಕೊಂಡ ಮೇಲೆ ವಿಜಯಪುರದ ಮನೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ನೌಕರಿ ಸೊಲ್ಲಾಪುರದಲ್ಲಿರುವುದರಿಂದ ವಾರಕ್ಕೊಮ್ಮೆ ಮಾತ್ರ ಹೋಗಿಬರುತ್ತೇನೆ. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಅವರು 30/70 ಇನ್ಸುಲಿನ್ (ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಎರಡು ಬಗೆ ಬೆರೆತದ್ದು) ಚುಚ್ಚಿಕೊಳ್ಳುತ್ತಾರೆ. ಜೊತೆಗೆ ರಕ್ತದೊತ್ತಡದ ಮಾತ್ರೆಯೂ ಇದೆ. ಕಣ್ಣು ಮಂಜಾಗಿರುವುದರಿಂದ ಸಿರಿಂಜಿನ ಮೇಲಿನ ಗೆರೆಗಳು ಈಗ ಅವರಿಗೆ ಸರಿಯಾಗಿ ಕಾಣುವುದಿಲ್ಲ.

ಇತ್ತೀಚೆಗೆ ಏಕಾದಶಿಯಂದು ಉಪವಾಸವಿದ್ದೂ ಇನ್ಸುಲಿನ್ ಮಾತ್ರ ಎಂದಿನಂತೆ ತೆಗೆದುಕೊಂಡಿದ್ದರು. ನಸುಕಿನಲ್ಲಿ ಮೈಯೆಲ್ಲ ಬೆವೆತು, ಮಾತು ತೊದಲಿ, ಬಾಗಿಲು ಯಾವ ಕಡೆಗಿದೆ ಎಂಬುದೂ ತಿಳಿಯದಂತಾಯಿತು. ನೆರೆಮನೆಯವರು ಗ್ಲುಕೋಮೀಟರ್‌ನಲ್ಲಿ ನೋಡಿದಾಗ 58 ಇತ್ತು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಓಣಿಯ ಒಬ್ಬ ಹೆಣ್ಣುಮಗಳನ್ನು ಬೆಳಿಗ್ಗೆಯಿಂದ ರಾತ್ರಿ ಊಟದವರೆಗೆ ಇರಲು ಗೊತ್ತು ಮಾಡಿದ್ದೇವೆ. ಓದುಬರಹ ಬಲ್ಲರು, ಅವ್ವನನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಆದರೆ ನರ್ಸಿಂಗ್ ತರಬೇತಿ ಪಡೆದವರಲ್ಲ. ಅವರಿಗೆ ಯಾವ ಕೆಲಸಗಳನ್ನು ಧೈರ್ಯವಾಗಿ ಒಪ್ಪಿಸಬಹುದು, ಇನ್ಸುಲಿನ್ ಚುಚ್ಚುವುದನ್ನೂ ಕಲಿಸಬಹುದೇ, ರಾತ್ರಿಯ ಹೊತ್ತಿಗೆ ಏನು ವ್ಯವಸ್ಥೆ ಮಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಶುಶ್ರೂಷಕಿ, ಬಾಗಲಕೋಟೆ

ತಂಗಿ, ನಿಮ್ಮ ಅವ್ವನ ವಯಸ್ಸಿನಲ್ಲಿ ಶುಗರ್ ಒಂದಿಷ್ಟು ಏರಿದ್ದಕ್ಕಿಂತ ಥಟ್ಟನೆ ಇಳಿಯುವುದೇ ಹೆಚ್ಚು ಅಪಾಯಕಾರಿ. ಆರೈಕೆಗೆ ಬರುವವರು ಮೊಟ್ಟಮೊದಲು ಕಲಿಯಬೇಕಾದದ್ದೂ ಅದನ್ನೇ. 70ಕ್ಕಿಂತ ಕಡಿಮೆಯಾದರೆ ಶುಗರ್ ಇಳಿದಿದೆ ಎಂದರ್ಥ. 54ಕ್ಕಿಂತ ಕೆಳಗೆ ಹೋದರೆ ಸ್ಥಿತಿ ಗಂಭೀರ. ವಯಸ್ಸಾದವರಲ್ಲಿ ಇದು ನಡುಕ, ಹಸಿವಿನಂತೆ ಕಾಣಿಸದೆ ಮಂಕು, ಸಿಡುಕು, ತೊದಲು ಮಾತಾಗಿ ಕಾಣಿಸಬಹುದು, ಮನೆಯವರು ಅದನ್ನು ವಯಸ್ಸಿನ ಮರೆವೆಂದು ತಿಳಿದು ಸುಮ್ಮನಾಗುವುದುಂಟು. ರಕ್ತದೊತ್ತಡಕ್ಕೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ ನಡುಕ, ಎದೆಬಡಿತಗಳೂ ಮರೆಯಾಗಿ ಬೆವರೊಂದೇ ಗುರುತಾಗಿ ಉಳಿಯಬಹುದು. ಆದ್ದರಿಂದ ನಡವಳಿಕೆಯಲ್ಲಿ ಯಾವ ವ್ಯತ್ಯಾಸ ಕಂಡರೂ ಮೊದಲು ಬೆರಳು ಚುಚ್ಚಿ ನೋಡಬೇಕೆಂದು ಅವರಿಗೆ ಹೇಳಿಡಿ.

ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮೂರು ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ ಕುಡಿಸಿ, ಏರಿದ ಮೇಲೆ ಒಂದು ರೊಟ್ಟಿಯನ್ನೋ ಒಂದಿಷ್ಟು ಅನ್ನವನ್ನೋ ತಿನ್ನಿಸಬೇಕು. ಅವರ ಮಾತ್ರೆಗಳಲ್ಲಿ ಪಿಷ್ಟ, ಸಕ್ಕರೆ ಕರಗುವುದನ್ನು ನಿಧಾನಗೊಳಿಸುವ ವೊಗ್ಲಿಬೋಸ್ ಇದೆಯೇ ಎಂಬುದನ್ನು ನೋಡಿಕೊಳ್ಳಿ. ಇದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಒಂದು ಹನಿಯನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಇನ್ಸುಲಿನ್ ಚುಚ್ಚುವುದನ್ನು ಖಂಡಿತ ಕಲಿಸಬಹುದು. ಆದರೆ ನಿಮ್ಮ ವೈದ್ಯರ ಅಥವಾ ಅಲ್ಲಿನ ಶುಶ್ರೂಷಕಿಯ ಎದುರಿಗೆ ಅವರು ಮಾಡಿ ತೋರಿಸಿದ ಮೇಲೆಯೇ ಒಪ್ಪಿಸಿ. ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಅಧಿಕಾರ ವೈದ್ಯರೊಬ್ಬರಿಗೇ ಇರಲಿ. ಊಟ ಬೇಡವೆಂದ ಹೊತ್ತಿನಲ್ಲಿ ವೈದ್ಯರನ್ನು ಕೇಳದೆ ಸೂಜಿ ಚುಚ್ಚಬಾರದು ಎಂಬುದನ್ನು ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಅವರು ಮನೆಗೆ ಹೊರಡುವ ಮುನ್ನ ಒಮ್ಮೆ ಶುಗರ್ ನೋಡಲಿ. 100ಕ್ಕಿಂತ ಕಡಿಮೆಯಿದ್ದರೆ ಏನನ್ನಾದರೂ ತಿನ್ನಿಸಿ ಮಲಗಿಸುವುದು ವಾಡಿಕೆಯಾದರೂ, ನಿಮ್ಮ ಅವ್ವನಿಗೆ ಯಾವ ಅಂಕಿ ಸರಿಯೆಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಮೂತ್ರಪಿಂಡದ ಶಕ್ತಿ ಕುಂದಿದಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಲವು ಕಾಯಿಲೆಗಳಿರುವ ಹಿರಿಯರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶೇ. 8ರ ಒಳಗಿದ್ದರೆ ಸಾಕೆಂದು ವೈದ್ಯರು ಗುರಿಯನ್ನು ಸಡಿಲಿಸುವುದುಂಟು. ಕಿರಿಯರ ಗುರಿಯನ್ನೇ ಅವರ ಮೇಲೆ ಹೇರುವುದು ಬೇಡ.

ಉತ್ತರ: ಬೆಳಗಾವಿಯಿಂದ, ಮಾವನವರ ಆರೈಕೆಯಲ್ಲಿರುವ ಸೊಸೆ

ಶುಶ್ರೂಷಕಿ ಅಕ್ಕನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ. ಔಷಧದ ಅಂಗಡಿಗೆ ಯಾರನ್ನೇ ಕಳಿಸಿದರೂ ಹಳೆಯ ಬಾಟಲಿ, ಸಿರಿಂಜ್ ಎರಡನ್ನೂ ಕೈಯಲ್ಲಿ ಕೊಟ್ಟೇ ಕಳಿಸಿ. ಕಣ್ಣು ಮಂಜಾದವರಿಗೆ ಸಿರಿಂಜಿನ ಬದಲು ಇನ್ಸುಲಿನ್ ಪೆನ್ (ಪೆನ್ನಿನಾಕಾರದ ಚುಚ್ಚುವ ಸಾಧನ) ಅನುಕೂಲ, ಅದರ ಗುಂಡಿ ತಿರುಗಿಸುವಾಗ ಟಿಕ್ ಎಂಬ ಶಬ್ದ ಕೇಳುತ್ತದೆ. ಆದರೂ ಪಕ್ಕದಲ್ಲಿ ಒಬ್ಬರು ಅಂಕಿಯನ್ನು ನೋಡಬೇಕು.

ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಮಂಜುಗಟ್ಟುವ ಭಾಗದಲ್ಲಿ ಬೇಡವೇ ಬೇಡ. ಕರೆಂಟು ಹೋಗಿ ಬಹಳ ಹೊತ್ತಾದರೆ ಒದ್ದೆ ಮಾಡಿದ ಮಣ್ಣಿನ ಮಡಿಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ಇಡಬಹುದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಸಾಮಾನ್ಯವಾಗಿ 28 ದಿನ ಕಳೆದರೆ ಬಳಸಬಾರದು.

ಇನ್ನೊಂದು ಮಾತನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಆ ಹೆಣ್ಣುಮಗಳಿಗೆ ವಾರಕ್ಕೊಂದು ದಿನ ರಜೆ ಇರಲಿ, ಅಂದು ಯಾರು ಬರುತ್ತಾರೆಂಬುದನ್ನು ಮೊದಲೇ ಗೊತ್ತುಮಾಡಿ. ನಡುರಾತ್ರಿಯಾದರೂ ನಿಮ್ಮನ್ನು ಕೇಳದೆ 108ಕ್ಕೆ ಕರೆ ಮಾಡುವ ಸ್ವಾತಂತ್ರ್ಯ ಅವರಿಗೂ ನೆರೆಮನೆಯವರಿಗೂ ಇದೆಯೆಂದು ಬಾಯಿಬಿಟ್ಟು ಹೇಳಿ. ಬೈಸಿಕೊಳ್ಳುವ ಭಯದಿಂದ ಕಾಯುತ್ತ ಕುಳಿತುಕೊಳ್ಳುವ ಆರೈಕೆಯವರನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮನೆಯ ಇನ್ನೊಂದು ಕೀಲಿ ನೆರೆಯವರ ಬಳಿ ಇರಲಿ.

ಉತ್ತರ: ಜಮಖಂಡಿ ಓದುಗ

ಪಾದಗಳನ್ನು ಮರೆಯಬೇಡಿ. ನರಗಳ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ದಿನಾ ಸ್ನಾನದ ನಂತರ ಬೆರಳ ಸಂದುಗಳನ್ನು ಒರೆಸಿ ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು. ಮನೆಯೊಳಗೂ ಚಪ್ಪಲಿ ಇರಲಿ, ನೋವಿಗೆಂದು ಬಿಸಿನೀರಿನಲ್ಲಿ ಕಾಲಿಡಿಸಬಾರದು. ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ರೊಟ್ಟಿಯೂ ಪಿಷ್ಟವೇ ಆದ್ದರಿಂದ ಎಣಿಕೆ ಇರಬೇಕು, ಅದರೊಂದಿಗೆ ಹೆಸರುಕಾಳು, ಸೊಪ್ಪಿನ ಪಲ್ಯ ಧಾರಾಳವಾಗಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಏಕಾದಶಿಯನ್ನು ಬಿಡಲು ಅವ್ವ ಒಪ್ಪುತ್ತಿಲ್ಲ. ನಾನು ಒತ್ತಾಯ ಮಾಡಿದಷ್ಟೂ ಅವರಿಗೆ ನೋವಾಗುತ್ತಿದೆ.

ಉತ್ತರ: ನಿವೃತ್ತ ಶುಶ್ರೂಷಕಿ, ಬಾಗಲಕೋಟೆ

ನೀವು ಒತ್ತಾಯಿಸಬೇಡಿ, ವೈದ್ಯರ ಬಾಯಿಂದಲೇ ಹೇಳಿಸಿ. ಹಾಲು, ಹಣ್ಣು ತೆಗೆದುಕೊಳ್ಳುವ ಉಪವಾಸಕ್ಕೆ ಅಂದಿನ ಇನ್ಸುಲಿನ್ ಎಷ್ಟಿರಬೇಕೆಂದು ಅವರು ಬೇರೆಯೇ ಬರೆದುಕೊಡಬಲ್ಲರು. ಏನನ್ನೂ ಮುಟ್ಟದ ಉಪವಾಸ ಬೇಡವೆಂದು ಅವರು ಹೇಳಿದರೆ ಅವ್ವ ಕೇಳುವ ಸಂಭವ ಹೆಚ್ಚು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಬಾಟಲಿ, ಸಿರಿಂಜ್, ಗ್ಲುಕೋಮೀಟರ್, ಎಲ್ಲ ಮಾತ್ರೆಗಳ ಜೊತೆಗೆ ಆರೈಕೆಗೆ ಬರುವ ಹೆಣ್ಣುಮಗಳನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ವೈದ್ಯರಿಗೆ ಕೇಳಲಿ.