ಐಸ್‌ಬ್ರೇಕರ್ ಹಡಗಿನಲ್ಲಿ ಆರ್ಕ್ಟಿಕ್ ಯಾತ್ರೆ: ಧ್ರುವಬಿಂದುವೋ, ಸ್ವಾಲ್ಬಾರ್ಡ್ ದ್ವೀಪಗಳೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಶಿವಮೊಗ್ಗದಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಆರ್ಕ್ಟಿಕ್ ವೃತ್ತವನ್ನು ಒಮ್ಮೆಯಾದರೂ ದಾಟಿ, ಸಮುದ್ರದ ನೀರೇ ಹೆಪ್ಪುಗಟ್ಟಿ ನಿಂತಿರುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ಮುಂದಿನ ಬೇಸಿಗೆಗೆ ಸಿದ್ಧತೆ ಆರಂಭಿಸಿದ್ದೇವೆ.

ಎರಡು ದಾರಿಗಳು ಕಾಣುತ್ತಿವೆ. ಹಿಮವನ್ನು ಒಡೆದು ಸಾಗುವ ನಿಜವಾದ ಐಸ್‌ಬ್ರೇಕರ್ ಹಡಗಿನಲ್ಲಿ 90 ಡಿಗ್ರಿ ಉತ್ತರದವರೆಗೆ, ಅಂದರೆ ಉತ್ತರ ಧ್ರುವಬಿಂದುವಿನವರೆಗೆ, ಹೋಗಿಬರುವುದು ಒಂದು. ಸಣ್ಣ ಎಕ್ಸ್‌ಪೆಡಿಷನ್ ಹಡಗಿನಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳನ್ನು ಸುತ್ತುವುದು ಇನ್ನೊಂದು. ಮೊದಲನೆಯದರ ದರ ಒಬ್ಬರಿಗೆ ಇಪ್ಪತ್ತೈದು ಲಕ್ಷ ರೂಪಾಯಿಗಳನ್ನು ಸುಲಭವಾಗಿ ದಾಟುತ್ತದೆ. ನಮ್ಮ ಉಳಿತಾಯದಲ್ಲಿ ಅದು ಅಸಾಧ್ಯವಲ್ಲ, ಆದರೆ ಹಗುರವಾದ ನಿರ್ಧಾರವೂ ಅಲ್ಲ. ಈ ಎರಡು ಬಗೆಯ ಹಡಗುಗಳ ನಡುವಿನ ವ್ಯತ್ಯಾಸವೇನು? ಪತ್ನಿಗೆ ರಕ್ತದೊತ್ತಡವಿದೆ, ಇಬ್ಬರೂ ಸಸ್ಯಾಹಾರಿಗಳು, ಇದರಿಂದ ತೊಂದರೆಯಾದೀತೇ? ಕೊನೆಯದಾಗಿ, ಮೊದಲೇ ಕರಗುತ್ತಿರುವ ಹಿಮವನ್ನು ನಮ್ಮ ನೋಟದ ಸುಖಕ್ಕಾಗಿ ಒಡೆದುಕೊಂಡು ಹೋಗುವುದು ಸರಿಯೇ ಎಂಬ ಪ್ರಶ್ನೆಯೂ ನಮ್ಮನ್ನು ಕಾಡುತ್ತಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕಡಲಕೋಣೆ

ನಾನು ಮಂಗಳೂರಿನವನು, ವಾಣಿಜ್ಯ ಹಡಗುಗಳಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿದವನು. ಹಡಗಿನ ವಿಷಯವನ್ನಷ್ಟೇ ಹೇಳುತ್ತೇನೆ.

ಜಾಹೀರಾತುಗಳಲ್ಲಿ ‘ಐಸ್‌ಬ್ರೇಕರ್’ ಎಂದಿರುವುದೆಲ್ಲ ಐಸ್‌ಬ್ರೇಕರ್ ಅಲ್ಲ. ಧ್ರುವಪ್ರದೇಶದ ಹಡಗುಗಳಿಗೆ ಪಿಸಿ 1ರಿಂದ ಪಿಸಿ 7ರವರೆಗೆ ‘ಪೋಲಾರ್ ಕ್ಲಾಸ್’ ಶ್ರೇಣಿಗಳಿವೆ. ಅಂಕಿ ಚಿಕ್ಕದಾದಷ್ಟೂ ಹಡಗು ಬಲಿಷ್ಠ. ಇಂದಿನ ಎಕ್ಸ್‌ಪೆಡಿಷನ್ ಹಡಗುಗಳಲ್ಲಿ ಅನೇಕವು ಪಿಸಿ 6 ಶ್ರೇಣಿಯವು. ಅಂದರೆ ಬೇಸಿಗೆ ಮತ್ತು ಶರತ್ಕಾಲದಲ್ಲಿ, ಆ ವರ್ಷವಷ್ಟೇ ಹೆಪ್ಪುಗಟ್ಟಿದ ಮಧ್ಯಮ ದಪ್ಪದ ಹಿಮದ ನಡುವೆ ಎಚ್ಚರಿಕೆಯಿಂದ ಸಾಗಬಲ್ಲವು. ಅವು ಹಿಮದ ಪೆಟ್ಟನ್ನು ತಾಳಿಕೊಳ್ಳುವ ಹಡಗುಗಳೇ ಹೊರತು ಹಿಮವನ್ನು ಒಡೆಯಲೆಂದು ಕಟ್ಟಿದವುಗಳಲ್ಲ. ಪಿಸಿ 2 ಶ್ರೇಣಿಯ ಹಡಗು ಹಲವು ವರ್ಷ ಹಳೆಯ ಗಟ್ಟಿ ಹಿಮದಲ್ಲಿಯೂ ವರ್ಷವಿಡೀ ಓಡಾಡಬಲ್ಲದು. 2021ರಲ್ಲಿ ಸೇವೆಗೆ ಬಂದ ಫ್ರಾನ್ಸಿನ ‘ಲ ಕಮಾಂಡಾಂ ಶಾರ್ಕೋ’ ಆ ಶ್ರೇಣಿಯ ಪ್ರಯಾಣಿಕ ಹಡಗು; ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಧ್ರುವಬಿಂದುವನ್ನು ತಲುಪಿತು.

ಐಸ್‌ಬ್ರೇಕರ್ ತನ್ನ ಚೂಪಾದ ಮೂತಿಯಿಂದ ಹಿಮವನ್ನು ಸೀಳುತ್ತದೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಮುಂಭಾಗ ಬಾಗಿ ಇಳಿಜಾರಾಗಿರುತ್ತದೆ. ಎಂಜಿನ್ನಿನ ಬಲದಿಂದ ಹಡಗು ಹಿಮದ ಹಾಸಿನ ಮೇಲೆ ಹತ್ತುತ್ತದೆ, ಅದರ ಭಾರಕ್ಕೆ ಹಾಸು ಕೆಳಕ್ಕೆ ಬಾಗಿ ಮುರಿಯುತ್ತದೆ, ಮುರಿದ ತುಂಡುಗಳು ಪಕ್ಕಕ್ಕೂ ಅಡಿಗೂ ಸರಿಯುತ್ತವೆ. ಹಿಮ ತೀರಾ ದಪ್ಪವಾಗಿದ್ದರೆ ಹಡಗು ಹಿಂದಕ್ಕೆ ಸರಿದು ಮತ್ತೆ ಮುನ್ನುಗ್ಗುತ್ತದೆ. ಈ ಸದ್ದು ಮತ್ತು ನಡುಕ ಹಗಲುರಾತ್ರಿ ಕೋಣೆಯೊಳಗೂ ಕೇಳಿಸುತ್ತವೆಯಾದ್ದರಿಂದ, ನಿದ್ರೆ ಹಗುರವಾಗಿರುವವರು ಮೊದಲೇ ಯೋಚಿಸುವುದು ಒಳ್ಳೆಯದು. ಒಳ್ಳೆಯ ಕ್ಯಾಪ್ಟನ್ ಸುಮ್ಮನೆ ಬಲ ಪ್ರಯೋಗಿಸುವುದಿಲ್ಲ; ಉಪಗ್ರಹ ಚಿತ್ರಗಳನ್ನು ನೋಡುತ್ತ, ಹಿಮದ ನಡುವೆ ತಾವಾಗಿ ತೆರೆದುಕೊಂಡ ನೀರಿನ ಓಣಿಗಳನ್ನು ಹುಡುಕುತ್ತ ಅಂಕುಡೊಂಕಾಗಿ ಸಾಗುತ್ತಾನೆ.

ದರಪಟ್ಟಿಗಳಲ್ಲಿ ಬರೆಯದ ಇನ್ನೊಂದು ವಿಷಯವಿದೆ. ಹಿಮಕ್ಕೆ ಸಿಕ್ಕಿಕೊಳ್ಳಬಾರದೆಂದು ಐಸ್‌ಬ್ರೇಕರ್‌ನ ಒಡಲನ್ನು ದುಂಡಗೆ, ಹೊರಚಾಚುಗಳಿಲ್ಲದಂತೆ ರೂಪಿಸಿರುತ್ತಾರೆ. ಇದರಿಂದ ಹಳೆಯ ಮಾದರಿಯ ಐಸ್‌ಬ್ರೇಕರ್‌ಗಳು ತೆರೆದ ಸಮುದ್ರದಲ್ಲಿ ಬಹಳ ಹೊಯ್ದಾಡುತ್ತವೆ. ಹಿಮದೊಳಗೆ ಹೊಕ್ಕ ಮೇಲೆ ಅಲೆಗಳಿಲ್ಲದ ಕಾರಣ ಓಲಾಟ ನಿಲ್ಲುತ್ತದೆ. ವಾಕರಿಕೆಯ ಮಾತ್ರೆ ಬೇಕಾಗುವುದು ಮೊದಲ ಮತ್ತು ಕೊನೆಯ ದಿನಗಳಿಗೆ.

ಮೇಲ್ಮೈ ಹಡಗುಗಳಲ್ಲಿ ಧ್ರುವವನ್ನು ಮೊದಲು ಮುಟ್ಟಿದ್ದು ಸೋವಿಯತ್ ಒಕ್ಕೂಟದ ಅಣುಶಕ್ತಿಯ ‘ಆರ್ಕ್ಟಿಕಾ’, 1977ರ ಆಗಸ್ಟ್ 17ರಂದು. ಪ್ರವಾಸಿಗರನ್ನು ಬಹುಕಾಲ ಮುರ್ಮಾನ್ಸ್ಕ್ ಬಂದರಿನಿಂದ ಕರೆದೊಯ್ದದ್ದು ಅದೇ ವಂಶದ ‘50 ಲೆತ್ ಪೊಬೆದಿ’. ಎರಡು ರಿಯಾಕ್ಟರುಗಳು ಒದಗಿಸುವ 75,000 ಅಶ್ವಶಕ್ತಿ ಅದಕ್ಕಿದೆ. ಅದರ ರಿಯಾಕ್ಟರುಗಳನ್ನು ತಂಪಾಗಿಡಲು ತಣ್ಣನೆಯ ಸಮುದ್ರದ ನೀರೇ ಬೇಕಾದ್ದರಿಂದ, ಅಷ್ಟು ಬಲವಿದ್ದರೂ ಅದು ಉಷ್ಣವಲಯವನ್ನು ದಾಟಿ ಅಂಟಾರ್ಕ್ಟಿಕಾಕ್ಕೆ ಹೋಗಲಾರದು. 2022ರ ನಂತರ ರಷ್ಯಾದ ದಾರಿ ನಮ್ಮಂಥವರಿಗೆ ಜಟಿಲವಾಗಿದೆ: ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಅಲ್ಲಿ ಸೇವೆ ನಿಲ್ಲಿಸಿರುವುದರಿಂದ ನಮ್ಮ ಕಾರ್ಡುಗಳು ನಡೆಯುವುದಿಲ್ಲ, ವಿಮಾ ಕಂಪನಿಗಳೂ ಹಿಂಜರಿಯುತ್ತವೆ.

ಉತ್ತರಮುಖಿ

ಧಾರವಾಡದವಳಾದ ನಾನು ಸದ್ಯ ನಾರ್ವೆಯ ಟ್ರೋಮ್ಸೋದಲ್ಲಿ ನೆಲೆಸಿದ್ದೇನೆ. ವೀಸಾ, ಆರೋಗ್ಯ ಮತ್ತು ಸ್ವಾಲ್ಬಾರ್ಡ್‌ನ ನಿಯಮಗಳ ಬಗ್ಗೆ ಬರೆಯುತ್ತೇನೆ.

ಸ್ವಾಲ್ಬಾರ್ಡ್‌ಗೆ ಪ್ರತ್ಯೇಕ ವೀಸಾ ಬೇಡ. ಆದರೆ ಅಲ್ಲಿಗೆ ವಿಮಾನ ಹಿಡಿಯುವುದು ಓಸ್ಲೋ ಅಥವಾ ಟ್ರೋಮ್ಸೋದಿಂದ, ಮತ್ತು ಆ ದ್ವೀಪಗಳು ಷೆಂಗೆನ್ ವಲಯದ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ) ಹೊರಗಿವೆ. ಆದ್ದರಿಂದ ಅಲ್ಲಿಗೆ ಕಾಲಿಟ್ಟ ಕ್ಷಣ ನೀವು ಷೆಂಗೆನ್‌ನಿಂದ ಹೊರಬಿದ್ದಂತೆ, ಮರಳುವಾಗ ಮತ್ತೆ ಪ್ರವೇಶಿಸಿದಂತೆ. ಒಂದೇ ಪ್ರವೇಶದ ವೀಸಾ ಪಡೆದವರು ಮರಳಿ ಬರುವಾಗ ಸಿಕ್ಕಿಬೀಳುತ್ತಾರೆ. ಕನಿಷ್ಠ ಎರಡು ಪ್ರವೇಶಗಳಿಗೆ ಅನುಮತಿ ಇರುವ ವೀಸಾವನ್ನೇ ಕೇಳಿ ಪಡೆಯಿರಿ.

ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅದೊಂದೇ ಅಡ್ಡಿಯಾಗಲಾರದು, ಆದರೆ ದೂರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸ್ವಾಲ್ಬಾರ್ಡ್‌ನ ಮುಖ್ಯ ಊರಾದ ಲಾಂಗ್‌ಯೀರ್‌ಬೈನ್‌ನಲ್ಲಿರುವುದು ತುರ್ತು ಚಿಕಿತ್ಸೆಗೆಂದು ಇರುವ ಚಿಕ್ಕ ಆಸ್ಪತ್ರೆ. ಗಂಭೀರ ರೋಗಿಗಳನ್ನು ವಿಮಾನದಲ್ಲಿ ಇಲ್ಲಿಗೆ, ಟ್ರೋಮ್ಸೋಗೆ ತರುತ್ತಾರೆ. ಧ್ರುವಬಿಂದು ಲಾಂಗ್‌ಯೀರ್‌ಬೈನ್‌ನಿಂದಲೇ ಸುಮಾರು 1,300 ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಗೆ ರಕ್ಷಣಾ ಹೆಲಿಕಾಪ್ಟರ್ ಬರಬಹುದೆಂದು ನಂಬಿಕೊಂಡು ಹೋಗುವಂತಿಲ್ಲ. ಹಡಗಿನ ವೈದ್ಯರೇ ಗತಿ. ವೈದ್ಯಕೀಯ ಸ್ಥಳಾಂತರದ ವೆಚ್ಚ ಭರಿಸುವ ವಿಮೆ ಕಡ್ಡಾಯವೆಂದೇ ತಿಳಿಯಿರಿ. ಪತ್ನಿಯವರ ಮೊಣಕಾಲಿನ ಸ್ಥಿತಿಯನ್ನೂ ಪರೀಕ್ಷಿಸಿಕೊಳ್ಳಿ, ಏಕೆಂದರೆ ದಡಕ್ಕೆ ಹೋಗುವುದು ‘ಝೋಡಿಯಾಕ್’ ಎಂಬ ರಬ್ಬರ್ ದೋಣಿಗಳಲ್ಲಿ, ಅಲುಗಾಡುವ ಮೆಟ್ಟಿಲಿನಿಂದ ಇಳಿದು. ಊಟದ ಚಿಂತೆ ಬೇಡ, ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿದರೆ ಸಾಕು.

ನಿಯಮಗಳು 2025ರ ಜನವರಿ 1ರಿಂದ ಬಿಗಿಯಾಗಿವೆ. ಹಿಮಕರಡಿಗಳಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರದಲ್ಲಿರಬೇಕು. ಸಂರಕ್ಷಿತ ಪ್ರದೇಶಗಳೊಳಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಅಲ್ಲಿ ಗೊತ್ತುಮಾಡಿದ 43 ಜಾಗಗಳಲ್ಲಿ ಮಾತ್ರ ದಡಕ್ಕೆ ಇಳಿಯಬಹುದು. ಕರಡಿ ಹತ್ತಿರದಿಂದ ಕಾಣಲಿಲ್ಲವೆಂದು ಕೆಲವರು ಬೇಸರಿಸುತ್ತಾರೆ, ಆದರೆ ಈ ನಿಯಮಗಳು ಬಂದದ್ದು ಅತ್ಯಂತ ಸರಿಯಾದ ಕೆಲಸವೆಂದು ನಾನು ದೃಢವಾಗಿ ನಂಬುತ್ತೇನೆ. ದುರ್ಬೀನು ತಪ್ಪದೆ ತನ್ನಿ.

ನಿಮ್ಮ ಹಡಗು ಸ್ವಾಲ್ಬಾರ್ಡ್‌ನ ಸಂಶೋಧಕರ ಊರಾದ ನ್ಯು-ಓಲೆಸುಂಡ್‌ಗೆ ಹೋಗುವುದೇ ಎಂದು ಕೇಳಿ ನೋಡಿ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರ ಜುಲೈ 1ರಿಂದ ಅಲ್ಲಿದೆ. ಒಳಗೆ ಪ್ರವೇಶವಿಲ್ಲದಿದ್ದರೂ ಹೊರಗಿನಿಂದ ನೋಡಬಹುದು. 1926ರಲ್ಲಿ ಧ್ರುವಾನ್ವೇಷಕರಾದ ಅಮುಂಡ್ಸೆನ್ ಮತ್ತು ನೊಬಿಲೆ ‘ನೋರ್ಗೆ’ ವಾಯುನೌಕೆಯಲ್ಲಿ ಧ್ರುವದ ಮೇಲಿಂದ ಹಾರಿಹೋಗುವ ಮುನ್ನ ಅದನ್ನು ಕಟ್ಟಿದ್ದ ಕಂಬ ಇಂದಿಗೂ ಊರಿನ ಅಂಚಿನಲ್ಲಿ ನಿಂತಿದೆ. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗಬಾರದೆಂದು ಮೊಬೈಲಿನ ವೈ-ಫೈ, ಬ್ಲೂಟೂತ್ ಎಲ್ಲವನ್ನೂ ಆರಿಸಬೇಕು. ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

ಹಸಿರುನೆಲ

ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಡಗು ಹಿಮವನ್ನು ಮುರಿಯುವುದರಿಂದಲೇ ಆರ್ಕ್ಟಿಕ್ ಕರಗುತ್ತಿಲ್ಲ. ಬೇಸಿಗೆಯ ಕೊನೆಯಲ್ಲೂ ಅಲ್ಲಿ ಹಿಮ ಲಕ್ಷಾಂತರ ಚದರ ಕಿಲೋಮೀಟರ್ ಹರಡಿರುತ್ತದೆ. ಉಪಗ್ರಹ ದಾಖಲೆಯಲ್ಲಿಯೇ ಅತಿ ಕಡಿಮೆಯಾದ 2012ರ ಸೆಪ್ಟೆಂಬರ್‌ನಲ್ಲಿಯೂ ಸುಮಾರು 34 ಲಕ್ಷ ಚದರ ಕಿಲೋಮೀಟರ್ ಇತ್ತು. ಅದರ ಮುಂದೆ ಒಂದು ಹಡಗು ಬಿಟ್ಟುಹೋಗುವ ಓಣಿ ಗಣನೆಗೆ ಬಾರದು. ನನ್ನ ಆಕ್ಷೇಪ ಇರುವುದು ಇಂಧನ ಮತ್ತು ಸದ್ದಿನ ಬಗ್ಗೆ. ಎಣ್ಣೆ ಉರಿಸುವ ಹಡಗಿನ ಮಸಿ ಬಿಳಿ ಹಿಮದ ಮೇಲೆ ಕೂತರೆ ಅದು ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ. ದ್ರವೀಕೃತ ನೈಸರ್ಗಿಕ ಅನಿಲ ಬಳಸಿದರೆ ಮಸಿ ಬಹಳ ಕಡಿಮೆ, ಆದರೆ ಉರಿಯದೆ ಹೊರಹೋಗುವ ಮೀಥೇನ್‌ನ ಸಮಸ್ಯೆ ಉಳಿಯುತ್ತದೆ.

ಸದ್ದಿನ ಮಾತು ಇನ್ನೂ ಗಂಭೀರವಾದುದು. ಕೆನಡಾದ ಲ್ಯಾಂಕಾಸ್ಟರ್ ಸೌಂಡ್ ಜಲಸಂಧಿಯಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ, ಬರುತ್ತಿದ್ದ ಐಸ್‌ಬ್ರೇಕರ್ ಇನ್ನೂ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವಾಗಲೇ ಬೆಲೂಗಾ ತಿಮಿಂಗಿಲಗಳು ಹಿಂಡುಹಿಂಡಾಗಿ ಓಡಿದ್ದನ್ನೂ ಉದ್ದ ಕೊಂಬಿನಂಥ ದಂತವಿರುವ ನಾರ್ವಾಲ್ ತಿಮಿಂಗಿಲಗಳು ಮೌನವಾಗಿ ಸ್ತಬ್ಧಗೊಂಡದ್ದನ್ನೂ ದಾಖಲಿಸಲಾಗಿದೆ. ಕಿವಿಯಿಂದಲೇ ಲೋಕವನ್ನು ಅರಿಯುವ ಪ್ರಾಣಿಗಳಿಗೆ ಇದು ಸಣ್ಣ ಹಿಂಸೆಯಲ್ಲ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹಿಮದ ಅಂಚಿನವರೆಗೆ ಹೋಗಿ ಎಂಜಿನ್ ತಗ್ಗಿಸಿ ನಿಲ್ಲುವ ಸಣ್ಣ ಹಡಗನ್ನು ಆರಿಸಿಕೊಳ್ಳಿ ಎಂಬುದು ನನ್ನ ವಿನಂತಿ.

ತುಂಗಾತೀರ

ಇಷ್ಟು ಶ್ರದ್ಧೆಯಿಂದ ಬರೆದ ಮೂವರಿಗೂ ನಾವಿಬ್ಬರೂ ಕೃತಜ್ಞರು. ತಿಮಿಂಗಿಲಗಳ ವಿಷಯ ಓದಿದ ಮೇಲೆ ಪತ್ನಿಯವರು ಸ್ವಾಲ್ಬಾರ್ಡ್ ಎಂದು ನಿಶ್ಚಯಿಸಿಬಿಟ್ಟಿದ್ದಾರೆ. ನನಗೆ ಉಳಿದಿರುವುದು ಒಂದೇ ಸಂದೇಹ: ಧ್ರುವಕ್ಕೆ ಹೋಗದಿದ್ದರೆ ಸಮುದ್ರದ ಹಿಮವನ್ನು ನೋಡುವ ಮೂಲ ಉದ್ದೇಶವೇ ತಪ್ಪಿಹೋಗುವುದಿಲ್ಲವೇ? ಯಾವ ತಿಂಗಳು ಸೂಕ್ತ?

ಕಡಲಕೋಣೆ

ತಪ್ಪಿಹೋಗುವುದಿಲ್ಲ. ಧ್ರುವದಲ್ಲಿ ನೆಲವಿಲ್ಲ, ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಆಳದ ನೀರಿನ ಮೇಲೆ ಕೆಲವೇ ಮೀಟರ್ ದಪ್ಪದ ಹಿಮ ಸದಾ ಚಲಿಸುತ್ತಿರುತ್ತದೆ. ನೀವು 90 ಡಿಗ್ರಿಯಲ್ಲಿ ಇಳಿದು ನಿಂತ ಹಾಸು ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನೂ ಹೊತ್ತುಕೊಂಡು ಧ್ರುವದಿಂದ ಸರಿದಿರುತ್ತದೆ. ಆ ಹಿಮವೇ ತೇಲುತ್ತ ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್ಬಾರ್ಡ್‌ಗಳ ನಡುವಿನ ಫ್ರಾಮ್ ಜಲಸಂಧಿಯಿಂದ ಹೊರಬರುತ್ತದೆ. ನಾರ್ವೆಯ ಅನ್ವೇಷಕ ನಾನ್ಸೆನ್ 1893ರಲ್ಲಿ ತನ್ನ ‘ಫ್ರಾಮ್’ ಹಡಗನ್ನು ಬೇಕೆಂದೇ ಹಿಮಕ್ಕೆ ಸಿಕ್ಕಿಸಿ, 1896ರವರೆಗೆ ಅದರೊಂದಿಗೆ ತೇಲಲು ಬಿಟ್ಟು ಈ ಚಲನೆಯನ್ನು ತೋರಿಸಿಕೊಟ್ಟ.

ಉತ್ತರಮುಖಿ

ತಿಂಗಳಿನ ಬಗ್ಗೆ: ಜೂನ್‌ನಲ್ಲಿ ಹಿಮ ಹೆಚ್ಚು, ಆದರೆ ಕೆಲವು ಕೊಲ್ಲಿಗಳು ಮುಚ್ಚಿರುವುದರಿಂದ ದ್ವೀಪಗಳನ್ನು ಪೂರ್ತಿ ಸುತ್ತುವುದು ಕಷ್ಟ. ಆಗಸ್ಟ್‌ನಲ್ಲಿ ಸುತ್ತುವುದು ಸುಲಭ, ಆದರೆ ಹಿಮದ ಅಂಚು ಬಹಳ ಉತ್ತರಕ್ಕೆ ಸರಿದಿರಬಹುದು. ಹಿಮವೇ ನಿಮ್ಮ ಉದ್ದೇಶವಾದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗಿನ ಪ್ರಯಾಣ ಒಳ್ಳೆಯದು. ಆಗ ಸ್ವಾಲ್ಬಾರ್ಡ್‌ನ ಅಲ್ಕೆಫ್ಯೆಲ್ಲೆಟ್ ಬಂಡೆಗೋಡೆಯ ಮೇಲೆ ಸಾವಿರಾರು ಗಿಲ್ಲೆಮೋಟ್ ಹಕ್ಕಿಗಳೂ ಗೂಡುಗಟ್ಟಿರುತ್ತವೆ. ಸೂರ್ಯ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮುಳುಗುವುದೇ ಇಲ್ಲವಾದ್ದರಿಂದ ಬೆಳಕಿನ ಕೊರತೆ ಆಗದು.

ಇಲ್ಲಿನ ನಾರ್ವೇಜಿಯನ್ ಹವಾಮಾನ ಸಂಸ್ಥೆಯ ಹಿಮ ವಿಭಾಗವು ಕೆಲಸದ ದಿನಗಳಂದು ಸ್ವಾಲ್ಬಾರ್ಡ್ ಸುತ್ತಲಿನ ಹಿಮದ ನಕ್ಷೆಯನ್ನು ಉಚಿತವಾಗಿ ಪ್ರಕಟಿಸುತ್ತದೆ, ಹಳೆಯ ನಕ್ಷೆಗಳೂ ಸಿಗುತ್ತವೆ. ಕಳೆದ ಕೆಲವು ವರ್ಷಗಳ ಇದೇ ವಾರಗಳ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ನಂತರವೇ ಮುಂಗಡ ಹಣ ಕಟ್ಟಿ. ಹಿಮ ಹೇಗಿದ್ದರೂ ದಾರಿ ಬದಲಿಸುವ ಅಧಿಕಾರ ಕ್ಯಾಪ್ಟನ್‌ಗೆ ಇರುತ್ತದೆಂಬ ಷರತ್ತು ಪ್ರತಿಯೊಂದು ಕರಾರಿನಲ್ಲೂ ಇರುತ್ತದೆ. ಸಹಿ ಹಾಕುವ ಮುನ್ನ ಅದನ್ನು ಇಬ್ಬರೂ ಓದಿಕೊಳ್ಳಿ.